ಗೋಡೆಯ ಕಡೆ ಮುಖ ಮಾಡಿದ ನಲ್ಲಿ

ಹಾಸನದಲ್ಲಿ ಬಸ್ಸಿಳಿದು ಮೊದಲು ಹೋದದ್ದು ಆಸ್ಪತ್ರೆಯ ಯಜಮಾನರ ಮನೆಗೆ. ಅರಕಲಗೂಡಿನ ಕಡೆಯ ಹಳ್ಳಿಯೊಂದರಲ್ಲಿ ಅವರದೊಂದು ಸಣ್ಣ ಧರ್ಮಾಸ್ಪತ್ರೆ. ಸೂಜಿ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಪಾತ್ರೆಯನ್ನು ಅದಕ್ಕೆ ಮಾಡಿಕೊಟ್ಟದ್ದು ನಮ್ಮ ಕಾರ್ಖಾನೆ. ನಕ್ಷೆ ಬರೆದವನು ನಾನು. ಅಲ್ಲಿಯ ನರ್ಸು ಪುಟ್ಟತಾಯಮ್ಮನ ಕೈ ಬೆಂದಿದೆಯೆಂದು ಕಾಗದ ಬಂದಿತ್ತು.

"ಪಾತ್ರೆ ಸರಿಯಿಲ್ವೋ, ಆಯಮ್ಮನೇ ಸರಿಯಿಲ್ವೋ? ಬರ್ದುಕೊಡಿ," ಎಂದರು ಯಜಮಾನರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನ ಹಾಗೆ, ಏನೂ ನೋಡದೆ, ಉಪ್ಪಿಟ್ಟು ತಿನ್ನುತ್ತಲೇ 'ನರ್ಸಿನ ಅಜಾಗ್ರತೆ' ಎಂದು ಬರೆದು ಸಹಿ ಹಾಕಿದೆ.

ಹೊಳೆನರಸೀಪುರಕ್ಕೆ ಇಪ್ಪತ್ತು ಮೈಲಿ, ಹದಿನಾಲ್ಕಾಣೆ. ಅಲ್ಲೊಂದು ಕೆಲಸ ಮುಗಿಸಿ, ಮಜ್ಜಿಗೆ ಕುಡಿದು, ಪಾತ್ರೆಯನ್ನೂ ಒಮ್ಮೆ ನೋಡಿಬರೋಣವೆಂದು ಅರಕಲಗೂಡಿನ ಬಸ್ಸು ಹತ್ತಿದೆ. ಬಿಸಿಲು, ಮೈತುಂಬ ಧೂಳು. ಪಕ್ಕದವರೊಡನೆ ನನ್ನ ಪಾತ್ರೆಯ ಬಗ್ಗೆ ದಾರಿಯುದ್ದಕ್ಕೂ ಕೊಚ್ಚಿಕೊಂಡೆ.

ಆಸ್ಪತ್ರೆಯಲ್ಲಿ ಸಿಕ್ಕ ಪುಟ್ಟತಾಯಮ್ಮ ನಲವತ್ತರ ಹೆಂಗಸು. ಬಲಗೈಗೆ ಬಟ್ಟೆ ಸುತ್ತಿತ್ತು. ಒಳಗಿನ ಗಾಳಿ ಹೋಗಲು ಮೊದಲು ಪಾತ್ರೆಯ ನಲ್ಲಿಯನ್ನು ಸ್ವಲ್ಪ ತೆರೆದಿಟ್ಟು, ಹಬೆ ಬಂದೊಡನೆ ಮುಚ್ಚಬೇಕು. "ಇಷ್ಟೂ ಬರೋದಿಲ್ವೇನಮ್ಮ?" ಎಂದು ಗದರಿದೆ.

"ನೀವೇ ಒಂದ್ಸಾರಿ ಮುಚ್ಚಿ ತೋರ್ಸಿ ಸಾ," ಎಂದು ಸ್ಟವ್ ಹಚ್ಚಿದಳು.

ಕಾರ್ಖಾನೆಯ ಹೆಸರಿನ ಹಿತ್ತಾಳೆ ತಗಡು ಮುಂದೆ ಹೊಳೆಯಲೆಂದು ನಲ್ಲಿಯನ್ನು ನಾನು ಹಿಂದಕ್ಕೆ, ಗೋಡೆಯ ಕಡೆ ಮುಖ ಮಾಡಿ ಕೂರಿಸಿದ್ದೆ. ಹಬೆ ಬಂತು. ಕೈ ಚಾಚಿ, ಎಲ್ಲ ನಲ್ಲಿಗಳಂತೆ ಬಲಕ್ಕೆ ತಿರುಗಿಸಿದೆ. ನಲ್ಲಿಯ ಬೆನ್ನ ಕಡೆಯಿಂದ ಹಿಡಿದವನ ಬಲ ಅದಕ್ಕೆ ಎಡ. ಅದು ಪೂರಾ ತೆರೆದು ಹಬೆ ಬೆರಳಿಗೆ ಬಡಿಯಿತು.

ಅವಳೇ ನನ್ನ ಕೈಗೆ ತಣ್ಣೀರು ಹೊಯ್ದಳು. "ನಂಗೂ ಇಂಗೇ ಆಯ್ತು ಕಣ್ ಸಾ. ಬಲಕ್ಕೆ ತಿರುಗ್ಸುದ್ರೆ ಮುಚ್ಕತದೆ ಅಂತ ಕೈ ಕಲ್ತುಬುಟ್ಟದೆ. ಯಜಮಾನ್ರಿಗೆ ಒಂದ್ ಮಾತು ಬರ್ದುಕೊಡಿ. ಕೆಲ್ಸ ಓದ್ರೆ ನಾನೂ ನಮ್ಮವ್ವನೂ ಏನ್ ಮಾಡಾನ?"

ಬೆಳಿಗ್ಗೆಯೇ ಬರೆದುಕೊಟ್ಟು ಬಂದಿದ್ದೇನೆಂದು ಹೇಳಲು ಬಾಯಿ ಬರಲಿಲ್ಲ. "ಪಾತ್ರೆ ಮುಟ್ಟಬೇಡಮ್ಮ, ವಾಪಸು ತರಿಸಿಕೊಳ್ತೀನಿ. ಬರೆದೂ ಕೊಡ್ತೀನಿ," ಎಂದೆ.

ಮರುದಿನ ಮೊದಲ ಬಸ್ಸಿಗೆ ಹಾಸನ. ತಪ್ಪು ನನ್ನದೆಂದು ಯಜಮಾನರಿಗೆ ಹೇಳಿ, ಅದನ್ನೇ ಬರೆದೂ ಕೊಟ್ಟೆ; ಪಾತ್ರೆಯನ್ನು ವಾಪಸು ಕಳಿಸಿ ಎಂದೆ.

"ನಿನ್ನೇನೇ ಬೇರೆಯೋರನ್ನ ಗೊತ್ತು ಮಾಡಿಬುಟ್ಟೆ ಕಣ್ರೀ. ಓದಿದೋರು ಬರ್ದುಕೊಟ್ರಿ, ನಂಬಿದೆ. ಕೊಟ್ಟ ಮಾತು ಎಂಗೆ ತಪ್ಪಲಿ?" ಎಂದರು. ನನ್ನ ಎರಡನೆಯ ಕಾಗದವನ್ನು ಓದದೆ ಮಡಿಚಿಟ್ಟರು.

ಜಗಲಿಯಲ್ಲಿ ಹೊಸ ನರ್ಸು ಟ್ರಂಕಿನ ಪಕ್ಕ ಕೂತಿದ್ದಳು. "ಅಲ್ಲಿದ್ದೋರನ್ನ ಯಾಕೆ ಬುಡಿಸಿದ್ರು ಸಾ?" ಎಂದು ಕೇಳಿದಳು.

"ನನ್ನ ತಪ್ಪಿಗಮ್ಮ," ಎಂದೆ. ಅವಳಿಗೆ ಹೇಳುವುದು ಸುಲಭವಾಗಿತ್ತು. ಪುಟ್ಟತಾಯಮ್ಮನಿಗೆ ಹೇಳಲು ನಾನು ಮತ್ತೆ ಹೋಗಲಿಲ್ಲ. ಚನ್ನರಾಯಪಟ್ಟಣದ ಬಸ್ಸು ಹತ್ತಿ ಊರಿಗೆ ಬಂದೆ.