ವೆನಾನ್ಸಿಯು ಹಾಕಿದ ಕುರ್ಚಿಗಳು

ಪುಟ್ಟ ದ್ವೀಪದೇಶವೊಂದರ ರಾಜಧಾನಿ ಡಿಲಿಯ ರಾಷ್ಟ್ರಪತಿ ಭವನದಲ್ಲಿ ಕುರ್ಚಿ ಹಾಕುವುದು, ತೆಗೆಯುವುದು ವೆನಾನ್ಸಿಯುವಿನ ಕೆಲಸ. ಪ್ರಧಾನಿಯ ಕಡೆಯಿಂದ ಮಂತ್ರಿಗಳ ಹೆಸರು ಬಂದಾಗ ಅಷ್ಟು ಕುರ್ಚಿ ಹಾಕುತ್ತಾನೆ. ಅವರಲ್ಲಿ ಕೆಲವರಿಗೆ ಪ್ರಮಾಣವಚನ ಬೋಧಿಸುವುದಿಲ್ಲವೆಂದು ರಾಷ್ಟ್ರಪತಿ ಪಟ್ಟು ಹಿಡಿದಾಗ ಅಷ್ಟನ್ನೂ ಎತ್ತುತ್ತಾನೆ. ಬಹುಮತ ನನ್ನದು ಎಂದು ಪ್ರಧಾನಿ, ಜನ ನೇರವಾಗಿ ಆರಿಸಿದ್ದು ನನ್ನನ್ನು ಎಂದು ರಾಷ್ಟ್ರಪತಿ. ಇದರಲ್ಲಿ ಇವನ ಸೊಂಟ ಬಿದ್ದುಹೋಗಿತ್ತು.

"ನಮ್ಮೂರ ದೊಡ್ಡ ಮನೇಲೂ ಇಬ್ರು ಯಜಮಾನ್ರು," ಎಂದ ಉಗ್ರಾಣದ ಗಾಸ್ಪಾರ್. "ಒಬ್ಬ ಮಾತಾಡ್ತಾನೆ, ಇನ್ನೊಬ್ಬ ಸುಮ್ನೆ ಕೂತು ತಲೆ ಆಡಿಸ್ತಾನೆ. ಇಲ್ಲಿ ಇಬ್ರೂ ಮಾತಾಡೋರೇ."

"ಕೂರೋರು ಯಾರೂ ಇಲ್ಲ. ಹೊರೋನು ನಾನು."

ಇಂಥ ಮಾತಿಗೆಲ್ಲ ನಗುತ್ತಿದ್ದ ವೆನಾನ್ಸಿಯುಗೆ ಈ ಸಲ ನಗು ಬರಲಿಲ್ಲ. ಹೆಂಡತಿ ಎರ್ಮೆಲಿಂದಾ ತೀರಿಕೊಂಡು ವರ್ಷವಾಗಿತ್ತು. ಶನಿವಾರ ಅವಳ ಊರಾದ ಒಸ್ಸುವಿನಲ್ಲಿ ವರ್ಷದ ಸೂತಕ ಕಳೆಯುವ ದಿನ. ಸಮಾಧಿಗೆ ಹೂವಿಟ್ಟು, ಎಲ್ಲರೂ ಕಪ್ಪು ಬಟ್ಟೆ ಬಿಚ್ಚಿ, ಹಂದಿ ಕೊಯ್ದು ಉಣ್ಣಬೇಕು. ಅಳಿಯನ ತೋಳಿನ ಕಪ್ಪುಪಟ್ಟಿಯನ್ನು ತಾನೇ ಬಿಚ್ಚುತ್ತೇನೆಂದು ಹಾಸಿಗೆ ಹಿಡಿದ ಅತ್ತೆ ಹಟ ಮಾಡುತ್ತಿದ್ದಳು. ಆದರೆ ಪ್ರಮಾಣವಚನ ಯಾವಾಗ ಬೇಕಾದರೂ ಆದೀತೆಂದು ಭವನದಲ್ಲಿ ಯಾರಿಗೂ ರಜೆಯಿರಲಿಲ್ಲ.

"ಎರಡು ದಿನ ಬಿಟ್ರೆ ಸಾಕು, ಮೇಡಂ," ಎಂದು ಮೇಲಧಿಕಾರಿ ಫೆಲಿಸ್ಮಿನಾಳ ಮುಂದೆ ನಿಂತ.

"ಪ್ರಧಾನಿಗಳು ಹೆಸ್ರು ಬದಲಾಯಿಸಿದ್ರೆ ಇವತ್ತೇ ಮುಗಿಯುತ್ತೆ."

"ಬದಲಾಯಿಸದಿದ್ರೆ?"

"ನಮ್ಮವರು ಮನಸ್ಸು ಬದಲಾಯಿಸ್ಬೇಕು. ನಂಗೇನು ಗೊತ್ತಪ್ಪ," ಎಂದಳು. ಅವಳೂ ಬೇಸತ್ತಿದ್ದಳು.

ಶುಕ್ರವಾರ ಕುರ್ಚಿ ಹಾಕಿಸಿದರು. ಶನಿವಾರ ಬೆಳಿಗ್ಗೆ, ಮಂತ್ರಿಯಾಗಬೇಕಿದ್ದವರು ಕೋಟು ತೊಟ್ಟು ಬಂದು, ಬೆವರಿ, ಕಾಫಿ ಕುಡಿದು, ಮಧ್ಯಾಹ್ನ ಹಾಗೇ ಹೊರಟುಹೋದರು. ಸಿಟ್ಟು ಮಾಡಿಕೊಳ್ಳಲೂ ವೆನಾನ್ಸಿಯುವಿನಲ್ಲಿ ಶಕ್ತಿಯಿರಲಿಲ್ಲ. ಕುರ್ಚಿಗಳನ್ನು ಎತ್ತತೊಡಗಿದ.

ಸಂಜೆ ನಾದಿನಿ ಕ್ವಿತೇರಿಯಾ ಫೋನ್ ಮಾಡಿದಳು. "ಭಾವ, ಜನ ಊಟಕ್ಕೆ ಕಾದು ಕೂತಿದ್ರು. ನಾವೆಲ್ಲ ಬಿಚ್ಚಿದ್ವಿ. ಅಮ್ಮ ಮಾತ್ರ ಬಿಚ್ಚಿಲ್ಲ, ನೀವು ಬರ್ಲಿ ಅಂತಾಳೆ."

"ಯಾವಾಗ ಬರ್ತೀನೋ ಗೊತ್ತಿಲ್ಲ ಅನ್ನು."

"ಅಂದೆ. ಹಾಗಾದ್ರೆ ಯಾರಿಗೆ ಗೊತ್ತು ಅಂತ ಕೇಳ್ತಾಳೆ."



ಬುಧವಾರ ದೊಡ್ಡವರಿಬ್ಬರೂ ರಾಜಿಯಾದರು. ಕೆಲವು ಹೆಸರು ಬಿಟ್ಟು ಉಳಿದವರ ಪ್ರಮಾಣವಚನ ಅರ್ಧ ಗಂಟೆಯಲ್ಲಿ ಮುಗಿಯಿತು, ಕೈಕುಲುಕಿ ಫೋಟೋ ತೆಗೆಸಿಕೊಂಡರು. ವೆನಾನ್ಸಿಯು ಆ ರಾತ್ರಿಯ ಬಸ್ಸಿಗೇ ಹೊರಟ.

ಒಸ್ಸು ತಲುಪಿದಾಗ ಅಂಗಳದಲ್ಲಿ ಜನ ಸೇರಿದ್ದರು. ನಸುಕಿನಲ್ಲಿ ಅತ್ತೆಯ ಉಸಿರು ನಿಂತಿತ್ತು. ಕಪ್ಪು ಬಟ್ಟೆಯಲ್ಲೇ ಅವಳನ್ನು ಮಲಗಿಸಿದ್ದರು. ಬಿಚ್ಚಿಟ್ಟಿದ್ದ ಕಪ್ಪು ಬಟ್ಟೆಯನ್ನು ಕ್ವಿತೇರಿಯಾ ಮತ್ತೆ ಉಟ್ಟಿದ್ದಳು. ಅವನು ಅತ್ತೆಯ ಮಂಚದ ಬಳಿ ಕುಸಿದು ಕೂತು ಅತ್ತ. ಬಹಳ ಹೊತ್ತಿನ ಮೇಲೆ ಕೈ ತೋಳಿನ ಪಟ್ಟಿಯ ಗಂಟಿಗೆ ಹೋಯಿತು.

"ಬಿಚ್ಬೇಡಿ ಭಾವ," ಎಂದಳು ಕ್ವಿತೇರಿಯಾ. "ಇನ್ನೊಂದು ವರ್ಷ ಇರ್ಲಿ."