ಕುಂಕುಮ ಹತ್ತಿದ ರಸಾಯನಶಾಸ್ತ್ರ

ಮೊದಲು ಒಂದು ವಿಷಯ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ, ಓದುವುದೂ ಇಲ್ಲ. ಅರವತ್ತರ ದಶಕದಲ್ಲಿ ನಾನು ವಿಶ್ವವಿದ್ಯಾಲಯದ ಲೈಬ್ರರಿಯಿಂದ ಬ್ಯಾಟರಾಯನಪುರದ ಮನೆಗೆ ತಂದಿದ್ದ ರಸಾಯನಶಾಸ್ತ್ರದ ಪುಸ್ತಕವನ್ನು ಅಜ್ಜಿ ಹಾಗೆ ಪೂಜೆಗೆ ಇಟ್ಟುಬಿಟ್ಟಳು. ಅದು ಅಂಗಡಿಗಳಲ್ಲಿ ಸಿಗುವ ಪುಸ್ತಕವಲ್ಲ.

"ಅಜ್ಜಿ, ಪರೀಕ್ಷೆ ಐತೆ," ಎಂದೆ.

"ಪೂಜೆಗಿಟ್ಟಿದ್ನ ಎಂಗೋ ತೆಗೀತೀಯಾ? ತಾಯೇ ಪಾಸ್ ಮಾಡಿಸ್ತಾಳೆ ಬಿಡು."

ಹಬ್ಬ ಮುಗಿದ ಮೇಲೆ ಪುಸ್ತಕವನ್ನು ಇನ್ನಷ್ಟು ದಿನಕ್ಕೆ ಬರೆಸಿಕೊಳ್ಳಲು ಹೋದೆ. ಗ್ರಂಥಪಾಲಕರು ರಟ್ಟಿನ ಮೇಲಿನ ಕುಂಕುಮ ನೋಡಿದರು.

"ಏನ್ರೀ ಇದು? ಪುಸ್ತಕಕ್ಕೆ ಕಲೆ ಮಾಡಿದ್ರೆ ಕಾರ್ಡ್ ರದ್ದು. ರೂಲ್ಸ್ ಓದಿಲ್ವಾ?"

"ಪೂಜೆ ಕುಂಕುಮ ಸಾರ್. ಆಯುಧಪೂಜೆಗೆ ನಿಮ್ಮ ಬೀರುಗಳಿಗೂ ಹಚ್ಚಿದ್ದೀರಲ್ಲ?"

"ಅದು ಬೀರು ಕಣ್ರೀ. ರೂಲ್ಸಲ್ಲಿ ಬೀರು ಅಂತ ಇಲ್ಲ, ಪುಸ್ತಕ ಅಂತ ಇದೆ."

"ಇಲ್ಲೇ ಕೂತು ಓದ್ತೀನಿ ಸಾರ್. ಮುಂದಿನ ತಿಂಗಳೇ ಪರೀಕ್ಷೆ. ಫೇಲಾದ್ರೆ ಮನೇಲಿ ಓದು ಬಿಡಿಸ್ತಾರೆ."

"ಕಾರ್ಡ್ ಇಲ್ದೆ ಒಳಗೆ ಹೆಂಗ್ರೀ ಬರ್ತೀರಾ?" ಎಂದರು. ಅವರಿಗೂ ಕನಿಕರವಿತ್ತೆಂದು ಕಾಣುತ್ತದೆ, ಕುಡಿಯಲು ನೀರು ಬೇಕಾ ಎಂದು ಕೇಳಿದರು.

ಕಲೆಯಾದ ಪುಸ್ತಕವನ್ನು ಬೇರೆಯವರಿಗೂ ಕೊಡುವಂತಿಲ್ಲ ಎಂಬ ನಿಯಮವೂ ಇತ್ತು. ಹಾಗಾಗಿ ಅದನ್ನು ಕಿಟಕಿ ಪಕ್ಕದ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪರೀಕ್ಷೆಯಲ್ಲಿ ಫೇಲಾಗುವವರೆಗೂ ನಾನು ದಿನಾ ಹೊರಗೆ ನಿಂತು ಅದನ್ನು ನೋಡುತ್ತಿದ್ದೆ. ದರ್ಶನಕ್ಕೆ ಕಾರ್ಡ್ ಬೇಕಿರಲಿಲ್ಲ.