ತೊಂಬತ್ತೇಳರ ಭಾಗಾಕಾರ

ಹುಮನಾಬಾದಿನ ಹೈಸ್ಕೂಲಿನಲ್ಲಿ ನಾನು ಗಣಿತ ಮಾಸ್ತರ, ಮನೆ ಬಸವಕಲ್ಯಾಣದಲ್ಲಿ. ನನ್ನ ಸಿಟ್ಟು ಎರಡೂ ಊರಿಗೆ ಗೊತ್ತಿತ್ತು. ಹುಡುಗರು ಲೆಕ್ಕ ತಪ್ಪಿದರೆ ತಡೆದುಕೊಂಡೇನು, ನಾನು ಮಾಡಿದ ಲೆಕ್ಕದ ಮೇಲೆ ಯಾರಾದರೂ ಸಂಶಯಪಟ್ಟರೆ ಮೈಯೆಲ್ಲ ಉರಿಯುತ್ತಿತ್ತು. ಭಾರೀ ದೊಡ್ಡ ಮನುಷ್ಯನಲ್ಲವೇ ನಾನು!

ನಮ್ಮ ಓಣಿಯ ಮೂಲೆಯಲ್ಲಿ ಒಬ್ಬ ಟೇಲರ್ ಇದ್ದ. ಮದುವೆಯ ಶೇರವಾನಿಯಿಂದ ಹಿಡಿದು ನನ್ನ ಪ್ಯಾಂಟಿನವರೆಗೆ ಎಲ್ಲವನ್ನೂ ಅವನೇ ಹೊಲಿಯುತ್ತಿದ್ದ. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಅವನ ಮಷೀನುಗಳು ಸುಮ್ಮನೆ ನಿಲ್ಲತೊಡಗಿದವು. ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ, ಸೌದಿಯಲ್ಲಿ ಹೊಲಿಗೆ ಕೆಲಸ ಕೊಡಿಸುತ್ತೇನೆಂದು ಒಬ್ಬ ಏಜೆಂಟ್ ಫೋನಿನಲ್ಲಿ ಗಂಟುಬಿದ್ದ. ವೀಸಾದ ರೊಕ್ಕವನ್ನು ನೇರ ಅಲ್ಲಿಯ ಕಂಪನಿಯ ಖಾತೆಗೇ ಕಳಿಸಬೇಕಂತೆ. ಟೇಲರ್ ಮೂರು ಮಷೀನುಗಳಲ್ಲಿ ಎರಡನ್ನು ಮಾರಿದ. ಹೆಂಡತಿಯ ಬಂಗಾರದ ಬಳೆಗಳೂ ಹೋದವು.

ಹುಮನಾಬಾದಿನ ಬ್ಯಾಂಕಿನ ಗುಮಾಸ್ತ ಅವನನ್ನು ಹೆದರಿಸಿ ಕಳಿಸಿದ್ದ. "ನಂಬರ್ ತಪ್ಪಿದ್ರ ರೊಕ್ಕ ಎಲ್ಲ್ಯಾರ ಸಿಕ್ಕೊಂಡು ಕುಂದರ್ತದ. ನಮ್ಮ ಜಿಮ್ಮೇದಾರಿ ಇಲ್ಲ. ಯಾರ ಕಡೀಂದರ ತಪಾಸ್ ಮಾಡ್ಸಿಕೊಂಡು ಬಾ."

ಅವನು ಚೀಟಿ ಹಿಡಿದು ನನ್ನ ಮನೆಗೆ ಬಂದ. ಪರದೇಶದ ಖಾತೆಗಳಿಗೆ ಇರುವ ಐಬ್ಯಾನ್ ಎಂಬ ನಂಬರು ಅದು; ಎಸ್, ಎ ಎಂಬ ಅಕ್ಷರಗಳಾದ ಮೇಲೆ ಅಂಕಿಗಳ ಉದ್ದ ಸಾಲು. ನನಗೆ ಖುಷಿಯೋ ಖುಷಿ. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಅದನ್ನು ತಾಳೆ ನೋಡುವ ರೀತಿಯನ್ನು ಹುಡುಕಿ ತೆಗೆದೆ. ಮೊದಲ ಎರಡು ಅಕ್ಷರ, ಎರಡು ಅಂಕಿಗಳನ್ನು ಕೊನೆಗೆ ಒಯ್ಯಬೇಕು, ಅಕ್ಷರದ ಬದಲು ಅಂಕಿ ಇಡಬೇಕು, ಬಂದದ್ದನ್ನು ತೊಂಬತ್ತೇಳರಿಂದ ಭಾಗಿಸಬೇಕು. ಶೇಷ ಒಂದು ಉಳಿದರೆ ನಂಬರು ಸರಿ.

ಅವನನ್ನು ಎದುರಿಗೆ ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಭಾಗಿಸಿದೆ. ಶೇಷ ಒಂದು!

"ಪಕ್ಕಾ ಅದ. ಬೇಧಡಕ್ ಕಳಸು, ಅಂಜಬ್ಯಾಡ," ಎಂದೆ.

ಅವನು ಚೀಟಿಯನ್ನೇ ನೋಡುತ್ತ ಕೇಳಿದ: "ಸರ್ರ, ಈ ಖಾತಾ ಯಾರದು ಅಂತ ಹ್ಯಾಂಗ ಗೊತ್ತಾಗ್ತದ್ರಿ? ಕಂಪನೀದೇ ಇರ್ತದೇನ್ರಿ?"

ನನಗೆ ಎಲ್ಲಿತ್ತೋ ಸಿಟ್ಟು. "ನಂಬರ್ ಸರಿ ಅದ ಅಂತ ಹೇಳಾಕತ್ತೇನಿ, ಮತ್ತ ಯಾಕ ತಲಿ ತಿಂತಿ? ಲೆಕ್ಕ ನಿನಗ ತಿಳೀತದೋ ನನಗ ತಿಳೀತದೋ?"

"ಮಾಫ್ ಮಾಡ್ರಿ ಸರ್ರ, ಹಂಗಲ್ರಿ," ಎಂದು ಎದ್ದ. ನಮ್ಮ ಕಡೆ ಮಾಸ್ತರನನ್ನು ಎರಡನೆಯ ಸಲ ಕೇಳುವುದೆಂದರೆ ಅವನ ಮರ್ಯಾದೆ ತೆಗೆದಂತೆ. ಅವನು ಕೇಳಲಿಲ್ಲ.

ರೊಕ್ಕ ಸರಿಯಾಗಿಯೇ ಮುಟ್ಟಿತು. ಅದರ ಹಿಂದೆಯೇ ಏಜೆಂಟಿನ ಫೋನ್ ಬಂದ್ ಆಯಿತು. ಖಾತೆ ಕಂಪನಿಯದಲ್ಲ, ಯಾವನದೋ. ನಂಬರು ಬರೆಯುವಾಗ ತಪ್ಪಿಲ್ಲ ಎಂದಷ್ಟೇ ನನ್ನ ಭಾಗಾಕಾರ ಹೇಳಿತ್ತು. ಖಾತೆ ಯಾರದೆಂದು ಹೇಳುವುದು ಅದರ ಕೈಲಾಗದು. ಇಷ್ಟು ತಿಳಿಯಲು ಗಣಿತ ಓದಬೇಕಿರಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ. ಅವನ ಅಂಗಡಿ ತಪ್ಪಿಸಿ ಹಿಂದಿನ ಸಂದಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದೆ.

ಒಂದು ಸಂಜೆ ಆ ಸಂದಿಯಲ್ಲಿ ಅವನೇ ನನ್ನನ್ನು ಹಿಡಿದ. "ಬರ್ರಿ ಸರ್ರ, ಚಹಾ ಕುಡ್ದು ಹೋಗ್ರಿ." ಅಂಗಡಿಯೊಳಗೆ ಮುಡಬಿಯಿಂದ ಬಂದ ಅವನ ಮಾವ ಇದ್ದರು, ಓಣಿಯ ನಾಲ್ಕು ಹಿರಿಯರಿದ್ದರು. ಮಾವ ನನ್ನೆದುರೇ ಅಳಿಯನನ್ನು ಬೈಯತೊಡಗಿದರು.

"ಅಕಲ್ ಅದನೋ ಇಲ್ಲೋ ನಿನಗ? ಖಾತಾ ಯಾರದು ಅಂತ ಒಂದ್ ಮಾತು ಕೇಳಬಾರದೇನು? ನನ್ನ ಮಗಳ ಬಂಗಾರ ಮಣ್ಣು ಮಾಡಿದಿ!"

ಟೇಲರ್ ನನ್ನ ಕಡೆ ಒಮ್ಮೆ ನೋಡಿದ. ಈಗ ಹೇಳುತ್ತಾನೆ ಎಂದುಕೊಂಡೆ.

"ಹೊಳೀಲಿಲ್ರಿ ಮಾಮಾ," ಎಂದ. "ಸರ್ ನಂಬರ್ ಬರಾಬರ್ ನೋಡಿ ಕೊಟ್ಟಾರ. ಕೇಳೋದು ನನಗ ಹೊಳೀಲಿಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ಅವನು ಕೇಳಿದ್ದ, ನಾನೇ ಬಾಯಿ ಮುಚ್ಚಿಸಿದೆ ಎಂದು ನಾನು ಹೇಳಿದ್ದರೆ ಮುಗಿಯುತ್ತಿತ್ತು. ಚಹಾದ ಕಪ್ಪನ್ನು ಕೆಳಗಿಟ್ಟೆ.

"ಕೇಳಬೇಕಿತ್ತು ನೋಡಪಾ ನೀ," ಎಂದೆ.

"ಹೌದ್ರಿ ಸರ್ರ," ಎಂದ ಅವನು. "ಕೇಳಬೇಕಿತ್ತು."